ಅತ್ತೆಯ ತಾಟುಗಳನ್ನು ವಾಪಸ್ ಕೇಳಿದ್ದು

ಅಧ್ಯಕ್ಷರ ಮನೆಯಲ್ಲಿ ಆ ದಿನ ಚಹಾ ಕಾಗದದ ಕಪ್ಪಿನಲ್ಲಿ ಬಂತು. ಮಿರಜಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಆ ಮನೆಗೆ ಹೋಗಿ ಬರುತ್ತಿದ್ದೇನೆ. ನೀಲಿ ಅಂಚಿನ ಪಿಂಗಾಣಿ ಕಪ್ಪು, ಕೆಳಗೆ ಬಶಿ, ಬಶಿಯ ಮೇಲೊಂದು ಚಮಚ. ಇಷ್ಟಿಲ್ಲದೆ ಅಲ್ಲಿ ಯಾರಿಗೂ ಚಹಾ ಕೊಟ್ಟಿದ್ದನ್ನು ನಾನು ನೋಡಿಲ್ಲ. ಕೆಲಸದವಳು ರಜೆ ಹಾಕಿರಬೇಕು ಎಂದುಕೊಂಡೆ. ಅಷ್ಟರಲ್ಲೇ ಒಳಗಿನಿಂದ ಅವಳು ಪಾತ್ರೆ ತಿಕ್ಕುವ ಸದ್ದು ಕೇಳಿಸಿತು. ಆಗಲೂ ನನಗೆ ತಿಳಿಯಲಿಲ್ಲ.

ನಮ್ಮೂರಿನ ಕನ್ನಡಿಗರ ಬಳಗದ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ನಾನು ಒಂದು ಕಡೆ ಕುಳಿತಿದ್ದೆವು. ಎದುರಿಗೆ ನಾವು ಸತ್ಕರಿಸಬೇಕಿದ್ದ ವ್ಯಕ್ತಿ ಮತ್ತು ಅವರ ಹೆಂಡತಿ. ಇಲ್ಲಿಯ ರೂಢಿಯಂತೆ ಅವರನ್ನು ಸತ್ಕಾರಮೂರ್ತಿ ಎಂದೇ ಕರೆಯುತ್ತೇನೆ. ಅವರಿಗೆ ಕುಪವಾಡದಲ್ಲಿ ನೀರಿನ ಪಂಪುಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಿದೆ. ಒಂದು ಹಳೆಯ ಬಂಧು ಸಂಘಟನೆಯ ಸದಸ್ಯರು. ಅದರ ಹೆಸರು ಇಲ್ಲಿ ಬೇಡ. ಮುಚ್ಚಿದ ಬಾಗಿಲ ಹಿಂದೆ ಸಭೆ ನಡೆಸುತ್ತಾರೆ, ಆಸ್ಪತ್ರೆಗೂ ಶಾಲೆಗೂ ನೆರವು ಕೊಡುತ್ತಾರೆ, ಒಬ್ಬರನ್ನೊಬ್ಬರು ‘ಬಂಧು’ ಎಂದು ಕರೆಯುತ್ತಾರೆ. ಒಂದೊಂದೇ ಹುದ್ದೆ ಏರುತ್ತ ಅವರೀಗ ಆ ಸಂಘಟನೆಯ ಇಡೀ ವಿಭಾಗಕ್ಕೆ ಮುಖ್ಯಸ್ಥರಾಗಿದ್ದರು. ಮರಾಠಿ ಪತ್ರಿಕೆಯಲ್ಲಿ ಫೋಟೋ ಬಂತು. ಅದನ್ನು ನೋಡಿದ ಮೇಲೆ ನಮ್ಮ ಅಧ್ಯಕ್ಷರಿಗೆ ಅವರು ‘ನಮ್ಮ ಕನ್ನಡಿಗ’ ಎಂಬುದು ನೆನಪಾಯಿತು. ಅಲ್ಲಿಯವರೆಗೆ ಅವರು ಬಳಗದ ರಾಜ್ಯೋತ್ಸವಕ್ಕೆ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಊಟಕ್ಕೆ ನಿಲ್ಲದೆ ಹೋಗಿಬಿಡುತ್ತಿದ್ದರು.

“ಶಾಲು, ಶ್ರೀಫಲ, ಫೇಟಾ, ಮಾನಪತ್ರ, ಎಲ್ಲಾ ಜೋರ್ ಆಗಬೇಕು,” ಎಂದರು ಅಧ್ಯಕ್ಷರು. “ಊಟದ್ದು ನಮ್ಮ ವೈನಿಯವರ ನೋಡಕೋತಾರ. ಇವರ ಕೈಯಾಗ ಅಡಗಿಮನಿ ಕೊಟ್ಟರ ನಮಗ ನಿಶ್ಚಿಂತಿ.”

ವೈನಿ ಎಂದರೆ ಅತ್ತಿಗೆ, ಅಂದರೆ ನಾನು. ಬಳಗದ ಹಾಲ್‌ನಲ್ಲಿ ನಡೆಯುವ ಸಮಾರಂಭಗಳ ಅಡುಗೆ, ಪಂಗತಿ ಎಲ್ಲವೂ ಬಹಳ ಕಾಲದಿಂದ ನನ್ನ ಜವಾಬ್ದಾರಿ. ಗೃಹಿಣಿಗೆ ಕೆಲಸದ ಅನುಭವ ಎಲ್ಲಿಯದು ಎಂದು ಕೇಳುವವರು ಮುನ್ನೂರು ಜನರ ಹೋಳಿಗೆ ಊಟವನ್ನು ಒಮ್ಮೆ ಬಡಿಸಿ ನೋಡಬೇಕು.

ಹೊರಡುವಾಗ ಮೆಟ್ಟಿಲ ಮೇಲೆ ಸತ್ಕಾರಮೂರ್ತಿ ನನ್ನನ್ನು ನಿಲ್ಲಿಸಿದರು. ಅಷ್ಟು ದೊಡ್ಡ ಹುದ್ದೆಯ ಮನುಷ್ಯ, ಕೈಯಲ್ಲಿ ಕಾರಿನ ಕೀಲಿ ತಿರುವುತ್ತ, ಶಾಲೆಯ ಹುಡುಗನಂತೆ ಮಾತಿಗೆ ತಡವರಿಸಿದರು.

“ಅಕ್ಕಾರ, ಒಂದು ಕೇಳಲೇನ್ರಿ? ನಮ್ಮವ್ವ ಬರ್ತಾಳ. ಶಾಲಿನ ಸುದ್ದಿ ಹೇಳಿದರ ಆಕೀಗೆ ಏನೂ ಅನಸಲಿಲ್ಲ. ‘ಆ ಹಾಲಿನಾಗ ಪಂಗತಿ ಇರತೈತೇನು, ನಾ ಕುಂದರಲೇನು’ ಅಂತ ಕೇಳಿದಳು. ಆಕಿ ಅಲ್ಲಿ ಭಾಂಡೆ ತಿಕ್ಕತಿದ್ದಳ್ರಿ, ನಮ್ಮ ಸಣ್ಣಂದಿನಾಗ. ಒಮ್ಮೆ ಕುಂತು ಉಣಬೇಕಂತಾಳ.”

“ಮೊದಲನೇ ಪಂಗತಿಯೊಳಗ ಅವರದ ಮೊದಲನೇ ತಾಟು,” ಎಂದೆ. ಮಾತು ಕೊಟ್ಟೆ. ಇದರಲ್ಲಿ ಕಷ್ಟವೇನಿದೆ ಎನಿಸಿತ್ತು.

ಮರುದಿನ ಅವರ ಮನೆಗೆ ಕರೆಯಲು ಹೋದೆ. ಹೆಂಗಸರನ್ನು ಊಟಕ್ಕೆ ಕರೆಯುವಾಗ ಮನೆಗೇ ಹೋಗಿ ಕರೆಯುವುದು ನಮ್ಮ ಪದ್ಧತಿ. ಪಡಸಾಲೆಯಲ್ಲಿ ಬುದ್ಧನ ಮೂರ್ತಿ, ಅದರ ಮುಂದೆ ಗಾಜಿನ ಬಟ್ಟಲಲ್ಲಿ ನೀರು, ನೀರಿನಲ್ಲಿ ಎರಡು ಕಣಗಿಲೆ ಹೂ. ಅವರು ವಿಜಯಪುರದ ಕಡೆಯಿಂದ ಕೂಲಿಗೆ ಬಂದ ದಲಿತ ಕುಟುಂಬ. ಇದು ನನಗೆ ಮೊದಲೂ ಗೊತ್ತಿತ್ತು, ಬಳಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಗಂಡ ಮಿರಜ ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದಾಗ ಈ ತಾಯಿ ಮದುವೆ ಹಾಲುಗಳಲ್ಲಿ ಪಾತ್ರೆ ತೊಳೆದು ಮಕ್ಕಳನ್ನು ಓದಿಸಿದರು. ಒಣಗಿದ, ಚುರುಕು ಕಣ್ಣಿನ ಮುದುಕಿ. ನನಗೆ ಹೊಳೆಯುವ ಸ್ಟೀಲಿನ ಕಪ್ಪಿನಲ್ಲಿ ಚಹಾ ಕೊಟ್ಟು, ತಾವೂ ಅಂಥದ್ದೇ ಕಪ್ಪು ಹಿಡಿದು ಎದುರಿಗೆ ಕುಳಿತರು.

“ನಿಮ್ಮ ಹಾಲಿನ ಹಿಂದಿನ ನಳ ನನಗ ಗೊತ್ತೈತಿ ಬಾಯಾರ, ಮುಂದಿನ ಬಾಗಲಾ ಗೊತ್ತಿಲ್ಲ,” ಎಂದು ನಕ್ಕರು. “ಎಲ್ಲಾರೂ ಉಂಡು ಎದ್ದ ಮ್ಯಾಲೆ ನಮಗ ಬುಟ್ಟಿ ತುಂಬಿ ಕೊಡತಿದ್ದರು. ಸುಳ್ಳ್ಯಾಕ, ಕೊಡತಿದ್ದರು. ಆದ್ರ ಹೋಳಿಗಿ ಆರಿ ಜ್ವಾಳದ ರೊಟ್ಟಿ ಆಗಿರತಿತ್ತು. ಬಿಸೇದು ತಾಟಿಗೆ ಬೀಳೂದು ಹೆಂಗಿರತೈತಿ ಅಂತ ಒಮ್ಮೆ ನೋಡಬೇಕು.”

“ಬಿಸೇದ ಬೀಳತೈತ್ರಿ. ಮ್ಯಾಲೆ ತುಪ್ಪಾನೂ ಬೀಳತೈತಿ.”

“ತುಪ್ಪಾ ಸ್ವಲ್ಪ ಜಾಸ್ತಿನ ಬೀಳಲಿ,” ಎಂದರು ಮುದುಕಿ. “ನಮ್ಮ ಡಾಕ್ಟರಗ ಹೇಳಬ್ಯಾಡ್ರಿ.”

ಕೆಲಸ ಶುರುವಾಯಿತು. ಪಂಗತಿ ಎನ್ನುವುದು ಲೆಕ್ಕದ ಕೆಲಸ. ಮೊದಲು ಉಗ್ರಾಣದ ಪಾತ್ರೆ, ಆಮೇಲೆ ನೀರು, ಆಮೇಲೆ ಕೈಗಳು, ಕೊನೆಗೆ ಅಡುಗೆ. ಅಡುಗೆಯಿಂದ ಶುರು ಮಾಡಿದವರು ಕೊನೆಗೆ ನೀರಿಲ್ಲದೆ ಓಡಾಡುತ್ತಾರೆ. ನಮ್ಮ ಹಾಲಿನ ಕೆಳಮಹಡಿಯಲ್ಲಿ ಉದ್ದ ಮೇಜುಗಳ ಸಾಲು ಇದೆ. ನೆಲದ ಮೇಲೆ ಕೂಡುವುದು ಈಗ ಯಾರಿಗೂ ಆಗದು. ಬಡಿಸುವವರು ಒಂದೇ ದಿಕ್ಕಿಗೆ ಹೋಗಬೇಕು, ನಡುವೆ ತಿರುಗಿ ಬರಬಾರದು. ಮೊದಲು ಉಪ್ಪು, ಎಡಕ್ಕೆ ಚಟ್ನಿ, ಕೋಸಂಬರಿ, ಬಲಕ್ಕೆ ಬದನೆಯ ಎಣ್ಣೆಗಾಯಿ. ಹೋಳಿಗೆ ಹಂಚಿನಿಂದ ಇಳಿದು ತಾಟಿಗೆ ಬೀಳುವಾಗ ಅದರ ಮೈ ಇನ್ನೂ ಉಬ್ಬಿರಬೇಕು. ತುಪ್ಪದವಳು ಹೋಳಿಗೆಯವಳ ಬೆನ್ನಿಗೇ ಇರಬೇಕು. ಮ್ಹೈಸಾಳದಿಂದ ಬರುವ ಅಡುಗೆಯವನಿಗೆ ಅನ್ನ, ಪಲ್ಯ, ಸಾರು ಒಪ್ಪಿಸಿದೆ. ಹೋಳಿಗೆ ಮಾತ್ರ ನಮ್ಮ ಹೆಂಗಸರ ಕೈಯದು.

ತಾಟುಗಳ ವಿಷಯವನ್ನು ಇಲ್ಲಿ ಹೇಳಬೇಕು. ನಮ್ಮ ಬಳಗದಲ್ಲಿ ಯಾರಾದರೂ ತೀರಿಕೊಂಡರೆ, ಯಾರದಾದರೂ ಮದುವೆಯಾದರೆ, ಆ ಮನೆಯವರು ಹಾಲಿಗೆ ಸ್ಟೀಲಿನ ತಾಟು ದಾನ ಕೊಡುತ್ತಾರೆ. ತಾಟಿನ ಅಂಚಿನಲ್ಲಿ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿರುತ್ತಾರೆ. ಉಗ್ರಾಣದ ಕಪಾಟಿನಲ್ಲಿ ಇಡೀ ಬಳಗದ ಸತ್ತವರು, ಮದುವೆಯಾದವರು ಒಬ್ಬರ ಮೇಲೊಬ್ಬರು ಪೇರಿಸಿಕೊಂಡಿದ್ದಾರೆ. ನನ್ನ ಅತ್ತೆ ತೀರಿಕೊಂಡಾಗ ನಾವೂ ಐವತ್ತೊಂದು ತಾಟು ಕೊಟ್ಟಿದ್ದೆವು. ಯಾವ ಸಮಾರಂಭಕ್ಕೂ ಇವೇ ತಾಟು.

ನಾನು ಕಪಾಟಿನ ಕೀಲಿ ಕೇಳಿದಾಗ ಕಾರ್ಯದರ್ಶಿ, “ಈ ಸಲ ಬಫೆ ಇಟ್ಟೇವ್ರಿ ವೈನಿ. ಕಾಗದದ ತಾಟು. ಉಂಡು ಒಗದರ ಆತು,” ಎಂದರು.

“ನಾವು ಯಾವತ್ತೂ ಬಫೆ ಮಾಡಿಲ್ಲಲ್ರಿ?”

“ನೀರಿನ ತ್ರಾಸ ಐತಿ.”

ನಾನು ಟ್ಯಾಂಕರಿನವನಿಗೆ ಫೋನ್ ಮಾಡಿ ನೀರು ಗೊತ್ತುಮಾಡಿದೆ. ಮರುದಿನ ಅವರು, ತೊಳೆಯುವವರು ಸಿಗುವುದಿಲ್ಲ ಎಂದರು. ಪ್ರತಿಸಲ ಬರುವ ಇಬ್ಬರು ಹೆಂಗಸರನ್ನು ಕರೆದು ಮಾತು ಮುಗಿಸಿದೆ. ಆಮೇಲೆ, ಸತ್ಕಾರಮೂರ್ತಿಯ ಸಂಘಟನೆಯಿಂದ ಕೊಲ್ಹಾಪುರ, ಪುಣೆಯ ದೊಡ್ಡ ಮಂದಿ ಬರುತ್ತಾರೆ, ಅವರಿಗೆ ಪಂಗತಿ ಸೇರುವುದಿಲ್ಲ ಎಂದರು. ಸತ್ಕಾರಮೂರ್ತಿಯ ಹೆಂಡತಿಗೆ ಫೋನ್ ಮಾಡಿ ಕೇಳಿದೆ. “ಅಯ್ಯ, ಅವರೆಲ್ಲಾ ಹೋಳಿಗಿ ಪಂಗತಿ ಅಂದರ ಕುಣಿತಾರ್ರಿ ಅಕ್ಕಾರ,” ಎಂದಳು. ಒಂದು ಕಾರಣ ಬಿದ್ದರೆ ಇನ್ನೊಂದು ಎದ್ದು ನಿಲ್ಲುತ್ತಿತ್ತು. ನಾನು ಮೆದು ಸ್ವಭಾವದವಳು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಎದುರಿನವರು ಒಂದು ಕಾರಣ ಹೇಳಿದರೆ ಅದು ನಿಜವಾದ ಕಾರಣವೇ ಇರುತ್ತದೆ ಎಂದು ನಂಬುವುದು ನನ್ನ ಅಭ್ಯಾಸ.

ನಿಜವನ್ನು ಹೇಳಿದವರು ಖಜಾಂಚಿಯ ಹೆಂಡತಿ. ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ. ಕಡಲೆಬೇಳೆ ಆರಿಸಲು ನಾವಿಬ್ಬರೂ ಹಾಲಿನ ಅಡುಗೆಮನೆಯಲ್ಲಿ ಕುಳಿತಿದ್ದೆವು. ಅವರು ಮೊರದಿಂದ ಕಣ್ಣೆತ್ತದೆ, ಮಗುವಿಗೆ ತಿಳಿಹೇಳುವ ದನಿಯಲ್ಲಿ ಹೇಳಿದರು.

“ನೀ ಯಾಕ ಅಷ್ಟು ತ್ರಾಸ ತಗೊಳ್ಳಾಕತ್ತಿ? ಆ ತಾಟಿನಾಗ ನಾವು ಅಮಾಸಿಗೆ ನೈವೇದ್ಯ ಇಡತೇವಿ. ನಾಳೆ ಮಂದಿ ಏನಂತಾರ? ನಾವೇನು ಭೇದಾ ಮಾಡಾಕತ್ತಿಲ್ಲವಾ. ಅಂವಗ ಒಂದು, ನಮಗ ಒಂದು ಅಂದರ ತಪ್ಪು. ಎಲ್ಲಾರಿಗೂ ಕಾಗದದ್ದ ಕೊಟ್ಟರ ಯಾರಿಗೂ ಬ್ಯಾಸರಿಲ್ಲ.”

ಅಧ್ಯಕ್ಷರ ಮನೆಯ ಚಹಾ ಈಗ ಅರ್ಥವಾಯಿತು. ನನಗೆ ಕಾಗದದ ಕಪ್ಪು ಬಂದದ್ದು ಸತ್ಕಾರಮೂರ್ತಿಗೆ ಕಾಗದದ ಕಪ್ಪು ಕೊಡಬೇಕಿತ್ತು ಎಂದು! ನಮ್ಮೆಲ್ಲರನ್ನೂ ಆ ಅವಮಾನದ ಮರೆಗೆ ಪರದೆಯಂತೆ ಬಳಸಿಕೊಂಡಿದ್ದರು. ಎಷ್ಟು ಅಚ್ಚುಕಟ್ಟಾದ ಉಪಾಯ. ಯಾರೂ ಬೆರಳು ತೋರಿಸುವಂತಿಲ್ಲ. ಹಿಂದಿನವರು ಹೊರಗೆ ಕೂಡಿಸಿ ಮೇಲಿನಿಂದ ನೀರು ಹಾಕುತ್ತಿದ್ದರು, ಅದು ಕಣ್ಣಿಗೆ ಕಾಣುತ್ತಿತ್ತು. ಇದು ಕಾಣುವುದೂ ಇಲ್ಲ.

“ಕಾಕು,” ಎಂದೆ, “ಆ ತಾಯಿ ಅದೇ ತಾಟು ವರ್ಷಾನುಗಟ್ಟಲೆ ತಿಕ್ಕ್ಯಾರಲ್ರಿ. ಆವಾಗ ನೈವೇದ್ಯಕ್ಕ ಏನೂ ಆಗಲಿಲ್ಲೇನು?”

“ತಿಕ್ಕೂದು ಬ್ಯಾರೆ, ಉಣ್ಣೂದು ಬ್ಯಾರೆ,” ಎಂದರು ಕಾಕು, ಬೇಳೆಯಲ್ಲಿ ಸಿಕ್ಕ ಒಂದು ಹರಳನ್ನು ಬದಿಗಿಡುತ್ತ.

ಅಂದೇ ಅಧ್ಯಕ್ಷರ ಮನೆಗೆ ಹೋದೆ. ಅವರು ಎಂದಿನಂತೆ ನಗುತ್ತ ಬರಮಾಡಿಕೊಂಡರು. ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು. ಮುಟ್ಟಲಿಲ್ಲ.

“ವೈನಿ, ನೀವು ಶಾಣ್ಯಾ ಮಂದಿ. ಸ್ವಲ್ಪ ತಿಳಕೋರ್ರಿ,” ಎಂದರು. “ನನಗೇನೂ ಇಲ್ಲ. ನಾ ಅವರ ಕೂಡ ಹೋಟೆಲಿನಾಗ ಕುಂತು ಉಂಡೇನಿ. ಆದ್ರ ಬಳಗದಾಗ ನಾಕು ಹಳೇ ಮಂದಿ ಅದಾರ. ತಾಟು ಅವರ ಅವ್ವಾ ಅಪ್ಪನ ಹೆಸರಿನ್ಯಾವು. ನಾವು ಅವಗ ಫೇಟಾ ಸುತ್ತತೇವಿ, ಶಾಲು ಹೊದಸತೇವಿ, ಮಾನಪತ್ರ ಓದತೇವಿ. ಇನ್ನೇನು ಬೇಕು?”

“ತಾಟು,” ಎಂದೆ.

ಅವರು ನಕ್ಕರು. ನಾನು ನಗಲಿಲ್ಲ.

ಮನೆಗೆ ಬಂದು ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮಾತು ಕಡಿಮೆ. ಅತ್ತೆಯ ಹೆಸರಿನ ತಾಟುಗಳನ್ನು ವಾಪಸ್ ಕೇಳುತ್ತೇನೆ ಎಂದೆ.

“ಅವ್ವ ಇದ್ದಿದ್ದರ ಆಕೀನೂ ಕೊಡತಿರಲಿಲ್ಲ,” ಎಂದರು.

ಅದು ನಿಜ. ನನ್ನ ಅತ್ತೆ ನೀರಿನ ಕೊಡವನ್ನು ಯಾರು ಮುಟ್ಟಬಹುದು ಎಂದು ಮನೆಯೊಳಗೇ ಗೆರೆ ಎಳೆದವರು. ಅವರನ್ನು ಈಗ ದೊಡ್ಡ ಮನಸ್ಸಿನವರನ್ನಾಗಿ ಮಾಡಿ ಬರೆದರೆ ಅದು ಸುಳ್ಳಾಗುತ್ತದೆ.

“ಅತ್ತಿಯವರನ್ನ ಕೇಳಾಕ ಆಗೂದಿಲ್ಲ,” ಎಂದೆ. “ನಿಮ್ಮನ್ನ ಕೇಳಾಕತ್ತೇನಿ.”

“ಬಳಗದಾಗ ನಮ್ಮ ಕೂಡ ಮಾತಾಡೂದು ಬಿಡತಾರ.”

“ಬಿಡಲಿ.”

ಅವರು ಎದ್ದು ಚಪ್ಪಲಿ ಹಾಕಿಕೊಂಡರು. “ನಡಿ. ಕೀಲಿ ಖಜಾಂಚಿ ಕಡೆ ಇರತೈತಿ.”

ಹಾಲಿನ ಉಗ್ರಾಣದ ಮುಂದೆ ಕಾರ್ಯದರ್ಶಿ, ಖಜಾಂಚಿ ಇಬ್ಬರೂ ಬಂದರು. ಹೋಳಿಗೆಯ ಹೆಂಗಸರು ನಾಲ್ಕೈದು ಜನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ಕೊಟ್ಟ ದಾನಾ ಯಾರರೇ ವಾಪಸ್ ಕೇಳತಾರೇನ್ರಿ ವೈನಿ?” ಎಂದರು ಕಾರ್ಯದರ್ಶಿ.

“ಇಲ್ಲೀತನಕ ಯಾರೂ ಕೇಳಿರಾಕಿಲ್ಲ. ನಾ ಕೇಳತೇನಿ. ಕೊಡದಿದ್ದರ ನಾಳೆ ಹಂಚು ಒಲಿ ಮ್ಯಾಲೆ ಏರೂದಿಲ್ಲ. ಹೊರಗಿಂದ ಹೋಳಿಗಿ ತರಸರ್ರಿ, ಕಾಗದದ ತಾಟಿನಾಗ ಹಾಕ್ರಿ.”

ನನ್ನ ದನಿ ಏರಿರಲಿಲ್ಲ. ಮರುದಿನ ಸತ್ಕಾರಕ್ಕೆ ಶಾಸಕರೂ ಬರುವವರಿದ್ದರು. ಹೋಳಿಗೆ ಊಟ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಖಜಾಂಚಿ ಕಪಾಟು ತೆಗೆದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಇಬ್ಬರು ಓದಿದ ಗಂಡಸರು ನೆಲದ ಮೇಲೆ ಕುಳಿತು ಒಂದೊಂದೇ ತಾಟು ಬೆಳಕಿಗೆ ಹಿಡಿದು ಹೆಸರು ಓದಿದರು. ನನ್ನ ಅತ್ತೆಯದಾದರೆ ಈ ಕಡೆ, ಬೇರೆಯವರದಾದರೆ ಆ ಕಡೆ. ಒಮ್ಮೆ ಯಾರದೋ ಅಜ್ಜನ ತಾಟು ತಪ್ಪಿ ನಮ್ಮ ಕಡೆಗೆ ಬಂತು. ಕಾರ್ಯದರ್ಶಿ ಹಾವು ಕಂಡವರಂತೆ ಕೈ ಹಾಕಿ ಅದನ್ನು ಎಳೆದುಕೊಂಡರು. ಶಿಲಾಯುಗದ ಜನ ಹೀಗಿದ್ದರೇನೋ ಗೊತ್ತಿಲ್ಲ, ಕಾರ್ಯದರ್ಶಿಯವರು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದವರು.

ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಸಾಂಗ್ಲಿಯಿಂದ ಬರುವ, ಬಳಗದ ಒಂದು ಮನೆಯ ಎಳೆಯ ಸೊಸೆ. ಕನ್ನಡ ತಿಳಿಯುತ್ತದೆ, ಮಾತಾಡಲು ನಾಚುತ್ತಾಳೆ. ಅವಳು ಮುಂದೆ ಬಂದು ಮರಾಠಿಯಲ್ಲಿ, “ಆಮ್ಚೀ ಪಣ ದ್ಯಾ,” ಎಂದಳು. ನಮ್ಮವೂ ಕೊಡಿ.

“ನಿಮ್ಮ ಮಾವನವರನ್ನ ಕೇಳಿಯೇನವಾ?” ಎಂದರು ಖಜಾಂಚಿ.

ಅವಳು ಕನ್ನಡಕ್ಕೆ ಬಂದಳು. ತಪ್ಪಿ ತಡವರಿಸಿ, ಆದರೆ ಕನ್ನಡದಲ್ಲೇ: “ನನ್ನ ಮದವಿ ತಾಟ ಅವು. ಅದರ ಮ್ಯಾಲೆ ನನ್ನ ಹೆಸರ ಐತಿ.”

ಬೇರೆ ಯಾರೂ ಕೇಳಲಿಲ್ಲ. ನಾನು ಕಾಯ್ದೆ. ಒಬ್ಬರು ಕೊತ್ತಂಬರಿ ಸೋಸಲು ಒಳಗೆ ಹೋದರು, ಇನ್ನೊಬ್ಬರು ಫೋನ್ ನೋಡಿದರು. ಇರಲಿ. ಎರಡು ಮನೆಯ ತಾಟು ಸೇರಿ ಒಂದು ಪಂಗತಿಗೆ ಸಾಕಾಗುತ್ತಿತ್ತು.

ಸತ್ಕಾರದ ದಿನ ಬೆಳಿಗ್ಗೆ ಮೊದಲ ಪೆಟ್ಟು ಹೂರಣಕ್ಕೆ ಬಿತ್ತು. ಕಡಲೆಬೇಳೆ ಬೆಂದ ಮೇಲೆ ಕಟ್ಟು ಪೂರ್ತಿ ಬಸಿಯಬೇಕು. ಗಡಿಬಿಡಿಯಲ್ಲಿ ಒಂದು ಪಾತ್ರೆಯ ಬೇಳೆ ಬಸಿಯುವ ಮೊದಲೇ ಬೆಲ್ಲ ಬಿತ್ತು. ರುಬ್ಬಿದ ಹೂರಣ ಕೈಗೆ ನಿಲ್ಲದೆ ಜಾರಿತು. ಅಂಥದ್ದನ್ನು ಕಣಕದಲ್ಲಿ ತುಂಬಿ ಲಟ್ಟಿಸಿದರೆ ಹಂಚಿನ ಮೇಲೆ ಒಡೆದು ಹೊತ್ತುತ್ತದೆ. ಹೂರಣವನ್ನು ಅಗಲ ಪಾತ್ರೆಗೆ ಸುರಿದು ಸಣ್ಣ ಉರಿಯ ಮೇಲೆ ಮಗುಚುತ್ತ ನಿಂತೆ. ಸೌಟು ನೆಟ್ಟಗೆ ನಿಲ್ಲುವವರೆಗೆ ಬಿಡುವಂತಿಲ್ಲ. ಬೇರೆ ದಿನವಾದರೆ ಆ ಕೆಲಸ ತೋಳಿಗೆ ಭಾರವಾಗುತ್ತಿತ್ತು. ಅಂದು ನನ್ನ ಸಿಟ್ಟಿಗೆ ಒಂದು ಕೆಲಸ ಬೇಕಿತ್ತು. ಆಮೇಲೆ ಬಿಳಿ ಧೋತರದ ಮೇಲೆ ತೆಳ್ಳಗೆ ಹರವಿ ಆರಿಸಿದೆ. ಹೂರಣ ಸರಿಯಾಯಿತು.

ಮೇಲಿನ ಮಹಡಿಯಲ್ಲಿ ಕಾರ್ಯಕ್ರಮ. ಅಡುಗೆಮನೆಗೂ ಒಂದು ಸ್ಪೀಕರ್ ಇತ್ತು. ಅಧ್ಯಕ್ಷರು ಮಾನಪತ್ರ ಓದಿದರು. ಬಂಧುತ್ವ, ಸಮಾನತೆ, ಕನ್ನಡ ತಾಯಿಯ ಮಡಿಲು ಎಲ್ಲ ಬಂದವು. ‘ಬಂಧುತ್ವ’ ಎಂದಾಗಲೆಲ್ಲ ಸಾಂಗ್ಲಿಯ ಸೊಸೆ ಹೋಳಿಗೆ ಲಟ್ಟಿಸುವ ಲತ್ತುಗುಣಿಯಿಂದ ಮಣೆಯ ಮೇಲೆ ಒಂದು ಪೆಟ್ಟು ಹಾಕುತ್ತಿದ್ದಳು. ನಾವೆಲ್ಲ ನಗು ತಡೆದುಕೊಂಡೆವು. ಸತ್ಕಾರಮೂರ್ತಿ ಚಿಕ್ಕದಾಗಿ ಮಾತಾಡಿದರು. ಅಂದು ವೇದಿಕೆಯ ಮೇಲೆ ಮರಾಠಿ ಬೆರೆಸದೆ ಕನ್ನಡ ಮಾತಾಡಿದವರು ಅವರೊಬ್ಬರೇ.

ಜನ ಕೆಳಗಿಳಿದರು. ಗೋಡೆಯ ಬದಿಗೆ ಬಫೆ, ಕಾಗದದ ತಾಟಿನ ಗೋಪುರ. ನಡುವೆ ಮೇಜುಗಳ ಮೇಲೆ ಸ್ಟೀಲಿನ ತಾಟು, ಉಪ್ಪು ಬಿದ್ದು ಸಿದ್ಧವಾಗಿದ್ದವು. ಎಲ್ಲಿ ಕೂಡಬೇಕು ಎಂದು ಯಾರೂ ಹೇಳಬೇಕಾಗಿರಲಿಲ್ಲ, ಸುದ್ದಿ ಹಿಂದಿನ ದಿನವೇ ಹಬ್ಬಿತ್ತು. ತಲೆಗೆ ಫೇಟಾ ಸುತ್ತಿದ ಸತ್ಕಾರಮೂರ್ತಿ ತಾಯಿಯ ತೋಳು ಹಿಡಿದು ಮುಂದಿನ ಬಾಗಿಲಿನಿಂದ ಬಂದರು. ನಾನು ಆ ತಾಯಿಯನ್ನು ಮೊದಲನೇ ತಾಟಿನ ಮುಂದೆ ಕೂಡಿಸಿದೆ. ಬಲಕ್ಕೆ ಒಂದು ಕುರ್ಚಿ ಬಿಟ್ಟು ನನ್ನ ಗಂಡ ಕುಳಿತರು. ಸಂಘಟನೆಯ ಬಂಧುಗಳು, ಅವರಲ್ಲಿ ಒಬ್ಬ ಸರ್ದಾರ್ಜಿ, ಒಬ್ಬ ಮುಸ್ಲಿಂ ವಕೀಲರು, ಗದ್ದಲ ಮಾಡುತ್ತ ಬಂದು ಕುಳಿತರು. ನಮ್ಮ ಬಳಗದವರು ಗೋಡೆಯ ಬದಿಯ ಸಾಲಿಗೆ ಹೋದರು. ನಾಲ್ಕೈದು ಜನ ನಡುವೆ ನಿಂತು ಆ ಕಡೆ ಈ ಕಡೆ ನೋಡಿದರು. ಅವರಲ್ಲಿ ಇಬ್ಬರು ಕುಳಿತರು. ಮೇಜಿನ ಅರ್ಧದಷ್ಟು ತಾಟುಗಳ ಮುಂದೆ ಯಾರೂ ಇರಲಿಲ್ಲ.

ಮುದುಕಿ ಆ ಖಾಲಿ ತಾಟುಗಳನ್ನು ಒಮ್ಮೆ ಕೊನೆಯವರೆಗೆ ನೋಡಿದರು. ನಾನು ಹಂಚಿನಿಂದ ಇಳಿದ ಹೋಳಿಗೆ ತಂದು ಹಾಕಿದೆ. ತುಪ್ಪವನ್ನೂ ನಾನೇ ಹಾಕಿದೆ. ಅವರು ಬಿಸಿ ತಾಗಿದ ಬೆರಳಿಗೆ ಉಫ್ ಎಂದು ಊದಿ ಒಂದು ತುಣುಕು ಮುರಿದರು. ಆಮೇಲೆ ತಲೆಯೆತ್ತಿ, ಗೋಡೆಯ ಬದಿ ಕಾಗದದ ತಾಟು ಹಿಡಿದು ನಿಂತ ಅಧ್ಯಕ್ಷರನ್ನು ಕೂಗಿದರು.

“ಯಾಕ್ರಿ ಸಾಹೇಬ್ರ, ನಿಂತ ಉಣ್ಣಾಕತ್ತೀರಿ? ಕಾಲು ನೋಯತಾವ, ಬರ್ರಿ, ಕುಂದರ್ರಿ.”

“ನನಗ ಶುಗರ್ ಐತ್ರಿ ಅಮ್ಮಾ,” ಎಂದರು ಅಧ್ಯಕ್ಷರು.

“ಮಿರಜಿನಾಗ ಇಷ್ಟ ಡಾಕ್ಟರ ಅದಾರ, ಶುಗರಿಗೆ ನಿಂತ ಉಣ್ಣಬೇಕಂತ ಯಾರ ಹೇಳ್ಯಾರ್ರಿ?”

ವಕೀಲರು ಜೋರಾಗಿ ನಕ್ಕರು. ಸರ್ದಾರ್ಜಿಗೆ ಯಾರೋ ಮಾತು ತಿಳಿಸಿಕೊಟ್ಟ ಮೇಲೆ ಅವರೂ ನಕ್ಕರು. ಅಧ್ಯಕ್ಷರ ಮುಖ ಕೆಂಪಾಯಿತು. ಅಷ್ಟರಲ್ಲಿ ಪತ್ರಿಕೆಯ ಫೋಟೋಗ್ರಾಫರ್ ಕೆಳಗಿಳಿದು ಬಂದ. ಪಂಗತಿ ನೋಡಿ ಕಣ್ಣರಳಿಸಿದ. “ಸಹಭೋಜನ! ಅಧ್ಯಕ್ಷಸಾಹೇಬ್, ಬಸಾ ನಾ,” ಎಂದು ಮರಾಠಿಯಲ್ಲಿ ಕೂಡಲು ಒತ್ತಾಯ ಮಾಡಿದ.

ಅಧ್ಯಕ್ಷರು ಕಾಗದದ ತಾಟನ್ನು ಕಾರ್ಯದರ್ಶಿಯ ಕೈಗೆ ಕೊಟ್ಟು ಬಂದರು. ಮುದುಕಿಗೂ ನನ್ನ ಗಂಡನಿಗೂ ನಡುವಿನ ಕುರ್ಚಿಯಲ್ಲಿ ಕುಳಿತರು. ಎದುರಿಗೆ ನನ್ನ ಅತ್ತೆಯ ಹೆಸರಿನ ತಾಟು, ಅದರಲ್ಲಿ ಉಪ್ಪು ಮಾತ್ರ. ಕ್ಯಾಮೆರಾ ಕಡೆ ಮುಖ ತಿರುಗಿಸಿ ನಕ್ಕರು. ಮುದುಕಿ ಖಾಲಿ ತಾಟು ನೋಡಿದರು. ತಮ್ಮ ಹೋಳಿಗೆಯ ಮುಟ್ಟದ ಅರ್ಧವನ್ನು ಮುರಿದು ಅವರ ತಾಟಿಗೆ ಇಟ್ಟರು.

“ತಗೋರ್ರಿ. ಅರ್ಧಕ್ಕ ಏನೂ ಆಗೂದಿಲ್ಲ.”

ಫೋಟೋ ಆಯಿತು. ಇನ್ನೊಂದು ಆಯಿತು. ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿದ. ಅಧ್ಯಕ್ಷರು ಕುರ್ಚಿ ಹಿಂದಕ್ಕೆ ಸರಿಸಿ, “ಶಾಸಕರನ್ನ ಕಳಿಸಿ ಬರತೇನ್ರಿ,” ಎಂದು ಎದ್ದು ಹೋದರು. ಶಾಸಕರು ಊಟಕ್ಕೆ ನಿಂತೇ ಇರಲಿಲ್ಲ. ಮೇಲಿನಿಂದಲೇ ಹೋಗಿದ್ದರು.

ಅರ್ಧ ಹೋಳಿಗೆ ತಾಟಿನಲ್ಲಿ ಬಿದ್ದಿತ್ತು. ತುಪ್ಪ ಹೆಪ್ಪುಗಟ್ಟುತ್ತಿತ್ತು. ನಾನು ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದೆ. ಅದನ್ನು ತೆಗೆಯಲೋ ಬಿಡಲೋ ತಿಳಿಯಲಿಲ್ಲ. ಸತ್ಕಾರಮೂರ್ತಿ ತಲೆ ತಗ್ಗಿಸಿ ಫೇಟಾ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮುದುಕಿ ಅಧ್ಯಕ್ಷರು ಹೋದ ದಾರಿಯನ್ನು ನೋಡಿ, ಕೈಚಾಚಿ ಆ ಅರ್ಧವನ್ನು ವಾಪಸ್ ತೆಗೆದುಕೊಂಡು ತಾವೇ ತಿಂದರು.

“ಹೂರಣಾ ಛಲೋ ಆಗೇತಿ,” ಎಂದರು ನನ್ನ ಕಡೆ ತಿರುಗಿ. “ಇನ್ನೊಂದ ಹಾಕ್ರಿ ಬಾಯಾರ. ಬಿಸೇದ.”

ಹಾಕಿದೆ. ಆ ಮೇಲೆ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತೆ. ಅಳು ಬಂದಿರಲಿಲ್ಲ. ಯಾರಿಗಾದರೂ ಕೈಯಲ್ಲಿದ್ದ ಸೌಟಿನಿಂದ ಹೊಡೆಯಬೇಕು ಎನಿಸಿತ್ತು. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದ ನನಗೆ ಅಂಥ ಆಸೆ ಅದೇ ಮೊದಲು.

ಸಂಜೆ ತಾಟುಗಳನ್ನು ತೊಳೆದು ಒರೆಸಿ ಉಗ್ರಾಣಕ್ಕೆ ಒಯ್ದಾಗ ಕಾರ್ಯದರ್ಶಿ ಕಪಾಟಿಗೆ ಕೀಲಿ ಹಾಕಿಯಾಗಿತ್ತು. “ಅವು ನಿಮ್ಮವು ಅಂದಿದ್ದಿರಲ್ರಿ ವೈನಿ,” ಎಂದರು, ಬಹಳ ಮರ್ಯಾದೆಯಿಂದ. “ನಿಮ್ಮ ಮನ್ಯಾಗ ಇಟಗೋರ್ರಿ.” ನಾನು, ನನ್ನ ಗಂಡ, ಸಾಂಗ್ಲಿಯ ಸೊಸೆ ಗೋಣಿಚೀಲದಲ್ಲಿ ತುಂಬಿ ರಿಕ್ಷಾದಲ್ಲಿ ತಂದೆವು. ಅವಳ ಮಾವ ಅವಳ ತಾಟನ್ನು ಮನೆಗೆ ಸೇರಿಸಲಿಲ್ಲ. ಅವೂ ನಮ್ಮ ಮನೆಯಲ್ಲೇ ಇವೆ. ಮುಂದಿನ ಸಮಾರಂಭಕ್ಕೆ ಅಡುಗೆಮನೆಯನ್ನು ಕಾಕುವಿಗೆ ಒಪ್ಪಿಸಿದರು. ನನ್ನನ್ನು ಕರೆಯಲಿಲ್ಲ.

ಫೋನ್ ಮಾತ್ರ ಬಂತು. ಸತ್ಕಾರಮೂರ್ತಿಯ ಸಂಘಟನೆ ತನ್ನ ಇಂಗ್ಲಿಷ್ ಪತ್ರಿಕೆಗೆ ನಮ್ಮ ಬಳಗದಿಂದ ಒಂದು ಫೋಟೋ, ಅದರ ಕೆಳಗೆ ನಾಲ್ಕು ಸಾಲು ಕೇಳಿತ್ತು. ಅಧ್ಯಕ್ಷರು ಪಂಗತಿಯ ಫೋಟೋ ಆರಿಸಿದ್ದರು. ಹಾಲಿನಲ್ಲಿ ಅದಕ್ಕೆ ಚೌಕಟ್ಟು ಹಾಕಿಸುವ ವಿಚಾರವೂ ಇತ್ತು.

“ನಿಮ್ಮದು ಕಾನ್ವೆಂಟ್ ಇಂಗ್ಲಿಷ್,” ಎಂದರು ಕಾರ್ಯದರ್ಶಿ. “ನಾಕು ಸಾಲು ಬರದು ಕಳಸರ್ರಿ ವೈನಿ. ಆದದ್ದು ಆಗಿ ಹೋತು.”

ಬರೆದೆ. ಯಾರ ಸತ್ಕಾರ, ಯಾವ ಹುದ್ದೆಗಾಗಿ ಎಂದು ಬರೆದೆ. ಅವರ ತಾಯಿ ಹಿಂದೆ ಇದೇ ಹಾಲಿನ ತಾಟು ತೊಳೆಯುತ್ತಿದ್ದರು, ಅಂದು ಮೊದಲ ಸಲ ಇಲ್ಲಿ ಕುಳಿತು ಉಂಡರು ಎಂದು ಬರೆದೆ. ಅಧ್ಯಕ್ಷರ ಮುಂದಿನ ತಾಟಿನಲ್ಲಿ ಕಾಣುತ್ತಿರುವುದು ಆ ತಾಯಿ ಮುರಿದು ಇಟ್ಟ ಅರ್ಧ ಹೋಳಿಗೆ ಎಂದು ಬರೆದೆ. ನಾಲ್ಕನೆಯ ಸಾಲು: ಅವರು ಅದನ್ನು ತಿನ್ನಲಿಲ್ಲ.

ಕಾರ್ಯದರ್ಶಿ ಸಂಜೆಗೇ ಫೋನ್ ಮಾಡಿದರು. “ಮೂರು ಸಾಲು ಛಲೋ ಅದಾವ್ರಿ. ಕಡೀದು ತಗದಬಿಡಲೇನು?”

“ಬ್ಯಾಡ್ರಿ.”

“ವೈನಿ, ಹಂಗಾದರ ಈ ಫೋಟೋನ ಹಾಕಾಕ ಬರೂದಿಲ್ಲ.”

“ಹಾಕಬ್ಯಾಡ್ರಿ,” ಎಂದೆ.